ಆಕಾಶದಲ್ಲಿ ನೆರೆಹೊರೆ

ನೆರೆಹೊರೆಯ ಧರ್ಮವೆಂಬುದು ಬಹು ಹಳೆಯದು. ಒಬ್ಬನ ಸೂರಿನ ನೀರು ಇನ್ನೊಬ್ಬನ ಗೋಡೆಯ ಮೇಲೆ ಬೀಳಬಾರದು. ಒಬ್ಬನ ದನ ಇನ್ನೊಬ್ಬನ ಪೈರನ್ನು ಮೇಯಬಾರದು. ಒಬ್ಬನ ತೆಂಗಿನ ಮರ ಇನ್ನೊಬ್ಬನ ಮಾಡಿನ ಮೇಲೆ ವಾಲಿದ್ದರೆ ಅದರಿಂದಾಗುವ ಕೇಡಿಗೆ ಮರದೊಡೆಯನೇ ಹೊಣೆ. ಇವೆಲ್ಲ ಕಣ್ಣಿಗೆ ಕಾಣುವ ಎಲ್ಲೆಗಳ ಮಾತು. ಬೇಲಿ ಎಲ್ಲಿದೆ, ಅದನ್ನು ದಾಟಿದವರು ಯಾರು ಎಂಬುದನ್ನು ಊರ ಹಿರಿಯರು ಸ್ಥಳಕ್ಕೆ ಹೋಗಿ ನೋಡಿ ನಿರ್ಣಯಿಸಬಹುದು. ಆದರೆ ಬೇಲಿ ಹಾಕಲಾಗದ, ಪ್ರತ್ಯೇಕ ಒಡೆಯನಿಲ್ಲದ, ಕಣ್ಣಿಗೆ ಕಾಣದ ಒಂದು ಎಡೆಯಲ್ಲಿ ನೆರೆಯವರಿಬ್ಬರು ಕೂಡಿ ಬಾಳಬೇಕಾಗಿ ಬಂದರೆ ಅವರ ಧರ್ಮವೇನು?

ಈ ಪ್ರಶ್ನೆ ಕೇವಲ ತರ್ಕವಿನೋದಕ್ಕಾಗಿ ಹುಟ್ಟಿದುದಲ್ಲ. ನಡುಗೋಡೆಯೊಂದರ ಎರಡು ಪಕ್ಕಗಳಲ್ಲಿ ಎರಡು ಸಂಸಾರಗಳು ವಾಸವಾಗಿವೆಯೆಂದು ಭಾವಿಸಬಹುದು. ಎರಡು ಮನೆಗಳಲ್ಲಿಯೂ ವೈಫೈ ಎಂದು ಕರೆಯಲ್ಪಡುವ ನಿಸ್ತಂತು ಜಾಲದ ಪೆಟ್ಟಿಗೆ ಇದೆ. ಸಂಜೆಯ ವೇಳೆ ಒಂದು ಮನೆಯ ಹುಡುಗಿ ದೂರದೂರಿನ ಉಪಾಧ್ಯಾಯರ ಪಾಠವನ್ನು ಕೇಳುತ್ತಿದ್ದಾಳೆ. ಇನ್ನೊಂದು ಮನೆಯವರು ಚಲಚ್ಚಿತ್ರ ನೋಡುತ್ತಿದ್ದಾರೆ. ಪಾಠ ನಡುನಡುವೆ ತುಂಡಾಗುತ್ತದೆ. ಉಪಾಧ್ಯಾಯರ ಮುಖ ನಿಶ್ಚಲವಾಗಿ ನಿಲ್ಲುತ್ತದೆ. ವಾಕ್ಯದ ಕೊನೆ ಕೇಳಿಸದೆ ಹೋಗುತ್ತದೆ. ಹುಡುಗಿಯ ತಂದೆ ಪೆಟ್ಟಿಗೆಯನ್ನು ಬೈಯುವನು, ಅದನ್ನು ಮಾರಿದವರನ್ನು ಬೈಯುವನು. ನೆರೆಮನೆಯ ಕಡೆಗೆ ಅವನ ಯೋಚನೆ ಹರಿಯುವುದೇ ಇಲ್ಲ. ನೆರೆಯವನಿಗೂ ತನ್ನಿಂದ ಒಂದು ಪಾಠ ಕೆಟ್ಟಿತೆಂಬ ಅರಿವಿಲ್ಲ. ಯಾರೂ ಯಾರ ಎಲ್ಲೆಯನ್ನೂ ಮೀರಿಲ್ಲ. ಯಾರ ವಸ್ತುವನ್ನೂ ಕದ್ದಿಲ್ಲ. ಯಾರಿಗೂ ಕೇಡನ್ನು ಬಯಸಿಲ್ಲ. ಆದರೂ ಒಬ್ಬಳಿಗೆ ನಷ್ಟವಾಗಿದೆ. ಇದನ್ನು ತಪ್ಪೆಂದು ಕರೆಯಬಹುದೆ? ತಪ್ಪಾದರೆ ಅದು ಯಾರದು?

ಮೈಸೂರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಅದಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಆ ಹೆಸರಿನಲ್ಲಿ ಒಂದು ಚಿತ್ರ ಅಡಗಿದೆ. ನುಡಿಯುವವನು ಒಬ್ಬನು, ಮೇಲೆಲ್ಲಿಯೋ ಇರುವವನು. ಕೇಳುವವರು ಸಾವಿರಾರು ಮಂದಿ, ಕೆಳಗೆ ಮೌನವಾಗಿ ಕುಳಿತವರು. ಪುರಾಣದ ಅಶರೀರವಾಣಿಗೆ ಎದುರು ನುಡಿದವರಿಲ್ಲ. ಈಗ ಆ ಚಿತ್ರ ಮಗುಚಿಬಿದ್ದಿದೆ. ಮನೆಮನೆಯೂ ಒಂದು ಬಾನುಲಿ ಕೇಂದ್ರ; ಮೊಬೈಲು, ಗಣಕಯಂತ್ರ, ದೂರದರ್ಶನದ ಪೆಟ್ಟಿಗೆ, ಬಾಗಿಲ ಗಂಟೆ, ಒಂದೊಂದೂ ಆಕಾಶದಲ್ಲಿ ತಾನೇ ನುಡಿಯುತ್ತದೆ. ಕೇಳುವವನಿಗೆ ಇಲ್ಲದ ಒಂದು ಹೊಣೆ ನುಡಿಯುವವನಿಗೆ ಉಂಟು. ಆ ಹೊಣೆ ಈಗ ಎಲ್ಲರ ತಲೆಯ ಮೇಲೂ ಬಂದಿದೆ.

ಹೊಣೆಯ ಸ್ವರೂಪವನ್ನು ತಿಳಿಯುವುದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ವೈಫೈ ಪೆಟ್ಟಿಗೆ ಹೊರಸೂಸುವುದು ಬೆಳಕಿನ ಕುಲಕ್ಕೇ ಸೇರಿದ ವಿದ್ಯುತ್ಕಾಂತ ತರಂಗಗಳನ್ನು. ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯಲ್ಲಿ ಈ ತರಂಗ ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸುತ್ತದೆ. ಒಂದು ತರಂಗದ ಉದ್ದ ಸುಮಾರು ೫ ಅಂಗುಲ. ಗೋಡೆ ಅದನ್ನು ಕುಂದಿಸುತ್ತದೆಯೇ ಹೊರತು ಪೂರ್ತಿಯಾಗಿ ತಡೆಯುವುದಿಲ್ಲ; ಲೋಹ ಹಿಂದಕ್ಕೆ ಹಾಯಿಸುತ್ತದೆ; ನೀರು ಹೀರುತ್ತದೆ. ಗಡಿಗೆಯೊಳಗಿನ ಆಕಾಶ ಬೇರೆ, ಹೊರಗಿನ ಆಕಾಶ ಬೇರೆ ಎಂದು ತೋರಿದರೂ ಅದು ಒಂದೇ ಎಂದು ವೇದಾಂತಿಗಳು ಘಟಾಕಾಶದ ದೃಷ್ಟಾಂತದಿಂದ ಹೇಳುತ್ತ ಬಂದರು. ಪರಮಾರ್ಥಕ್ಕಾಗಿ ಹೇಳಿದ ಆ ಮಾತು ನಡುಗೋಡೆಯ ಎರಡು ಸಂಸಾರಗಳಿಗೆ ವ್ಯವಹಾರದಲ್ಲಿಯೇ ನಿಜವಾಗಿದೆ. ಅವರು ನೆಲವನ್ನು ಹಂಚಿಕೊಂಡಿದ್ದಾರೆ; ಆಕಾಶವನ್ನು ಹಂಚಿಕೊಂಡಿಲ್ಲ.

ಈ ಪಟ್ಟಿ ಬಹಳ ಇಕ್ಕಟ್ಟಾದುದು. ಅದರಲ್ಲಿ ೧೩ ಕಾಲುವೆಗಳನ್ನು ಗುರುತಿಸಿದ್ದಾರೆಂಬುದು ನಿಜ. ಆದರೆ ಒಂದು ಪೆಟ್ಟಿಗೆಯ ನುಡಿಗೆ ಬೇಕಾದ ಅಗಲ ಒಂದು ಕಾಲುವೆಯ ಅಂತರಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಆದುದರಿಂದ ಒಂದನ್ನೊಂದು ಮುಟ್ಟದೆ ನಡೆಯಬಲ್ಲ ಕಾಲುವೆಗಳು ೧, ೬, ೧೧ ಎಂಬ ಮೂರೇ. ಇದೇ ಪಟ್ಟಿಯಲ್ಲಿ ಬ್ಲೂಟೂತ್ ಸಾಧನಗಳೂ ಮಾತನಾಡುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇಲ್ಲಿಯೇ ಕೆಲಸಮಾಡುತ್ತದೆ. ಒಲೆಯೊಳಗೆ ನೂರಾರು ವಾಟುಗಳ ಶಕ್ತಿ ಕುದಿಯುತ್ತಿರುವುದು. ಅದರ ಲೋಹದ ಕವಚದಿಂದ ಸೋರುವುದು ಅತ್ಯಲ್ಪ. ದೇಹಕ್ಕೆ ಅದರಿಂದ ಬಾಧೆಯಿಲ್ಲ. ಆದರೆ ಕೋಣೆಯಾಚೆಯ ಮೊಬೈಲಿಗೆ ತಲಪುವ ವೈಫೈ ನುಡಿ ಅನೇಕ ವೇಳೆ ಒಂದು ವಾಟಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ. ಆ ಪಿಸುಮಾತಿನ ಮುಂದೆ ಒಲೆಯ ಸೋರಿಕೆಯೇ ಜಾತ್ರೆಯ ಗದ್ದಲವಾಗುವುದು.

ಇಲ್ಲಿ ಒಂದು ಸೂಕ್ಷ್ಮವುಂಟು. ಎರಡು ತರಂಗಗಳು ಒಂದನ್ನೊಂದು ಹಾಯ್ದಾಗ ಯಾವುದೂ ಮುರಿಯುವುದಿಲ್ಲ. ಕೆರೆಯಲ್ಲಿ ಎಸೆದ ಎರಡು ಕಲ್ಲುಗಳ ಅಲೆಗಳಂತೆ ಅವು ಕೂಡಿ, ದಾಟಿ, ತಮ್ಮ ತಮ್ಮ ದಾರಿಯಲ್ಲಿ ಮುಂದೆ ಸಾಗುವುವು. ಕೆಡುವುದು ಕೂಡಿದ ಸ್ಥಳದಲ್ಲಿ ಕಿವಿಗೊಟ್ಟಿದ್ದವನ ತಿಳಿವು. ಆದುದರಿಂದ ಈ ಅಡ್ಡಿಯಿಂದ ಆಗುವ ಹಾನಿಯನ್ನು ನುಡಿಯುವವನ ಸ್ಥಾನದಲ್ಲಿ ನಿಂತು ಎಷ್ಟು ಹುಡುಕಿದರೂ ಸಿಕ್ಕಲಾರದು. ಕೇಳುವವನ ಸ್ಥಾನದಲ್ಲಿ ಮಾತ್ರ ಅದು ಗೋಚರಿಸುವುದು. ನೀತಿಯ ವಿಚಾರಕ್ಕೆ ಈ ಒಂದು ಸಂಗತಿ ಬಹು ಮುಖ್ಯವಾದುದು.

ಒಂದೇ ಆಕಾಶದಲ್ಲಿ ಹಲವು ಯಂತ್ರಗಳು ನುಡಿಯುವುದು ಹೇಗೆಂಬ ಪ್ರಶ್ನೆಯನ್ನು ಮೊದಲು ದೊಡ್ಡದಾಗಿ ಕೈಗೆತ್ತಿಕೊಂಡವರು ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಏಬ್ರಾಮ್ಸನ್ ಮತ್ತು ಅವರ ಸಂಗಡಿಗರು. ದ್ವೀಪಗಳ ನಡುವೆ ಗಣಕಯಂತ್ರಗಳನ್ನು ನಿಸ್ತಂತುವಾಗಿ ಜೋಡಿಸಿದ ಅವರ 'ಅಲೋಹಾ' ಜಾಲ ೧೯೭೧ರಲ್ಲಿ ಕೆಲಸಮಾಡತೊಡಗಿತು. ಅದರ ನಿಯಮ ಬಹು ಸರಳ: ಯಾರಿಗೆ ಯಾವಾಗ ನುಡಿಯಬೇಕೆನ್ನಿಸಿದರೆ ಆಗಲೇ ನುಡಿಯಬಹುದು, ಮಾತು ತಲಪಿತೆಂಬ ಉತ್ತರ ಬಾರದಿದ್ದರೆ ಮನಬಂದಷ್ಟು ಕಾಲ ಕಾದು ಮತ್ತೆ ನುಡಿಯಬಹುದು. ಈ ಸಂಪೂರ್ಣ ಸ್ವಾತಂತ್ರ್ಯದ ಫಲವನ್ನು ಗಣಿತ ಹೇಳಿತು. ಎಷ್ಟು ಚೆನ್ನಾಗಿ ನಡೆದರೂ ಕಾಲದ ನೂರರಲ್ಲಿ ೧೮ ಭಾಗಕ್ಕಿಂತ ಹೆಚ್ಚು ಸಾರ್ಥಕವಾಗದು. ಉಳಿದುದು ಘರ್ಷಣೆಯಲ್ಲಿಯೂ ಬರಿಯ ಮೌನದಲ್ಲಿಯೂ ಕಳೆದುಹೋಗುವುದು. ನುಡಿಯುವವರೆಲ್ಲರೂ ಗೊತ್ತಾದ ಕ್ಷಣಗಳಲ್ಲಿಯೇ ಮಾತನ್ನು ಆರಂಭಿಸಬೇಕೆಂಬ ಒಂದೇ ಒಂದು ಕಟ್ಟನ್ನು ಸೇರಿಸಿದ ಮಾತ್ರಕ್ಕೆ ಆ ೧೮ ಸುಮಾರು ೩೭ ಆಯಿತು. ಸಂಯಮದಿಂದ ಸ್ವಾತಂತ್ರ್ಯ ಕುಗ್ಗುವುದೆಂದು ನಂಬಿದವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಇಲ್ಲಿ ಒಂದಿಷ್ಟು ಸಂಯಮದಿಂದ ಎಲ್ಲರ ಮಾತಿನ ಅವಕಾಶವೂ ಇಮ್ಮಡಿಯಾಯಿತು.

ವೈಫೈಯ ನಿಯಮಗಳು ೧೯೯೭ರಲ್ಲಿ ರೂಪುಗೊಂಡಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದುವು. ನುಡಿಯುವ ಮೊದಲು ಕಿವಿಗೊಡಬೇಕು. ಯಾರಾದರೂ ನುಡಿಯುತ್ತಿದ್ದರೆ ಸುಮ್ಮನಿರಬೇಕು. ಅವರು ಮುಗಿಸಿದ ಮೇಲೂ ಕೂಡಲೇ ಬಾಯಿ ತೆರೆಯದೆ, ಚೀಟಿ ಎತ್ತಿದಂತೆ ದೊರೆತಷ್ಟು ಹೊತ್ತು ಕಾಯಬೇಕು. ಏಕೆಂದರೆ ಕಾದಿದ್ದವರೆಲ್ಲ ಒಟ್ಟಿಗೆ ನುಡಿದರೆ ಮತ್ತೆ ಗೊಂದಲವೇ. ಮಾತು ವ್ಯರ್ಥವಾದರೆ ಮುಂದಿನ ಸಲ ಇನ್ನೂ ಹೆಚ್ಚು ಹೊತ್ತು ಕಾಯಲು ಸಿದ್ಧನಾಗಬೇಕು. ಸಭೆಯಲ್ಲಿ ಮಾತು ನಡೆಯದಾದಾಗ ಧ್ವನಿಯೇರಿಸುವುದು ಮನುಷ್ಯನ ಸ್ವಭಾವ. ಯಂತ್ರಕ್ಕೆ ಕಲಿಸಿದುದು ಹಿಂದೆ ಸರಿಯುವುದನ್ನು. ಸಭ್ಯತೆ ಇಲ್ಲಿ ಅಲಂಕಾರವಾಗಿ ಬಂದುದಲ್ಲ. ಅದಿಲ್ಲದೆ ಮಾತೇ ನಡೆಯದೆಂದು ಎಂಜಿನಿಯರುಗಳು ಕಂಡುಕೊಂಡರು.

ಕಿವಿಗೊಟ್ಟು ನುಡಿದರೆ ಸಾಕೆ? ಸಾಲದು. ಬೆಟ್ಟದ ಒಂದು ಪಕ್ಕದಲ್ಲಿ ಒಬ್ಬನು, ಇನ್ನೊಂದು ಪಕ್ಕದಲ್ಲಿ ಇನ್ನೊಬ್ಬನು, ನೆತ್ತಿಯ ಮೇಲೆ ಮೂರನೆಯವನು ಇದ್ದಾನೆಂದಿಟ್ಟುಕೊಳ್ಳಬಹುದು. ನೆತ್ತಿಯವನಿಗೆ ಇಬ್ಬರ ಕೂಗೂ ಕೇಳಿಸುವುದು; ಆ ಇಬ್ಬರಿಗೆ ಒಬ್ಬರದೊಬ್ಬರಿಗೆ ಕೇಳಿಸದು. ಇಬ್ಬರೂ ಪ್ರಾಮಾಣಿಕವಾಗಿ ಕಿವಿಗೊಟ್ಟು, ಎಲ್ಲವೂ ನಿಶ್ಶಬ್ದವೆಂದು ನಂಬಿ, ಒಟ್ಟಿಗೆ ಕೂಗುವರು. ನೆತ್ತಿಯವನಿಗೆ ಏನೂ ತಿಳಿಯದು. ಮನೆಯ ಎರಡು ತುದಿಯ ಕೋಣೆಗಳಲ್ಲಿರುವ ಎರಡು ಮೊಬೈಲುಗಳಿಗೂ ನಡುಮನೆಯ ಪೆಟ್ಟಿಗೆಗೂ ಇದೇ ಸಂಬಂಧ. ಎಂಜಿನಿಯರುಗಳು ಇದನ್ನು 'ಮರೆಯಲ್ಲಿರುವವನ' ಸಮಸ್ಯೆಯೆಂದು ಕರೆಯುವರು. ಇದಕ್ಕೆ ಅವರು ಕಂಡ ಪರಿಹಾರವೂ ಗಮನಾರ್ಹವಾದುದು: ದೀರ್ಘವಾಗಿ ನುಡಿಯುವ ಮೊದಲು ಕೇಳುವವನನ್ನು ಅಪ್ಪಣೆ ಬೇಡಬೇಕು; ಕೇಳುವವನು ಎಲ್ಲರಿಗೂ ಕೇಳಿಸುವಂತೆ ಒಬ್ಬನಿಗೆ ಅಪ್ಪಣೆ ಕೊಡಬೇಕು. ತನ್ನ ಕಿವಿಗೆ ಏನೂ ಕೇಳಿಸಲಿಲ್ಲವೆಂಬುದು ಯಾರಿಗೂ ತೊಂದರೆಯಿಲ್ಲವೆಂಬುದಕ್ಕೆ ಪ್ರಮಾಣವಲ್ಲ. "ನನ್ನ ಮನಸ್ಸಿಗೆ ವಿರೋಧವಾಗಿ ನಾನೇನೂ ಮಾಡಲಿಲ್ಲ" ಎಂದು ಹೇಳಿಕೊಳ್ಳುವ ಸಜ್ಜನನು ಒಳ್ಳೆಯವನಾಗಿದ್ದರೂ ವಿಚಾರಣೆಯನ್ನು ಅರ್ಧಕ್ಕೆ ನಿಲ್ಲಿಸಿದವನು. ಹಾನಿ ಕೇಳುವವನ ಬಳಿ ಆಗುವುದಾದುದರಿಂದ ಅವನನ್ನೇ ಕೇಳಬೇಕು.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ನೆರೆಯ ಎರಡು ಪೆಟ್ಟಿಗೆಗಳು ಒಂದೇ ಕಾಲುವೆಯಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದರಿಂದ ಅವು ಸರದಿಯಲ್ಲಿ ನುಡಿಯುವುವು. ವೇಗ ಕಡಿಮೆಯಾದರೂ ವ್ಯವಸ್ಥೆ ಕೆಡದು. ನೆರೆಯವನಿಂದ ದೂರ ಸರಿಯಬೇಕೆಂದು ಒಬ್ಬನು ೬ನೆಯದನ್ನು ಬಿಟ್ಟು ೪ನೆಯದನ್ನು ಹಿಡಿದರೆ ಅನೇಕ ವೇಳೆ ಕೇಡೇ ಹೆಚ್ಚುವುದು. ಆಗ ಪರಸ್ಪರ ಸದ್ದು ಕೇಳಿಸುವುದು, ಮಾತು ತಿಳಿಯದು, ಸರದಿ ಏರ್ಪಡದು. ನೆರೆಯವನೊಡನೆ ಪೂರ್ತಿಯಾಗಿ ಕೂಡಿರಬಹುದು, ಪೂರ್ತಿಯಾಗಿ ದೂರವಿರಬಹುದು; ಅರ್ಧ ಮುಖ ತಿರುಗಿಸಿಕೊಂಡು ಬಾಳುವುದು ಎರಡಕ್ಕಿಂತಲೂ ಕಷ್ಟವೆಂಬುದನ್ನು ಕೂಡುಕುಟುಂಬಗಳಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಾಸನದ ಮಾತು. ಭಾರತದಲ್ಲಿ ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪು ಕೊಟ್ಟಿತು. ಸಾಮಾನ್ಯವಾಗಿ ಸರ್ಕಾರದ ಅಪ್ಪಣೆಯಿಲ್ಲದೆ ಅವುಗಳನ್ನು ಬಳಸುವಂತಿಲ್ಲ. ಆದರೆ ಒಲೆಗಳೇ ಮೊದಲಾದ ಕೈಗಾರಿಕೆ, ವಿಜ್ಞಾನ, ವೈದ್ಯಗಳ ಉಪಕರಣಗಳಿಗೆಂದು ೧೯೪೭ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬಿಟ್ಟುಕೊಟ್ಟಿದ್ದ, ಸಂದೇಶವ್ಯವಹಾರಕ್ಕೆ ಯೋಗ್ಯವಲ್ಲವೆಂದು ಬಹುಮಂದಿ ಎಣಿಸಿದ್ದ ಪಟ್ಟಿಯನ್ನು ಅಮೆರಿಕ ೧೯೮೫ರಲ್ಲಿ ಅಲ್ಪಶಕ್ತಿಯ ಸಾಧನಗಳಿಗೆ ಅಪ್ಪಣೆಯಿಲ್ಲದೆ ತೆರೆಯಿತು; ಭಾರತ ೨೦೦೫ರಲ್ಲಿ ತೆರೆಯಿತು. ಈ ಊರಿನಲ್ಲಿ ಒಲೆಯೇ ಹಿರಿಯ ಒಕ್ಕಲು, ವೈಫೈ ಅನಂತರ ಬಂದುದು. ಹೀಗೆ ಬಂದವರಿಗೆ ವಿಧಿಸಿದ ಕಟ್ಟಳೆಯ ಸಾರ ಎರಡೇ ಮಾತು: ಇತರರಿಗೆ ತೊಂದರೆ ಕೊಡಬಾರದು, ಇತರರಿಂದ ಬಂದ ತೊಂದರೆಯನ್ನು ಸಹಿಸಬೇಕು. ಶಾಸನದ ಭಾಷೆಯಲ್ಲಿ ಇಂಥ ವಾಕ್ಯ ಅಪೂರ್ವ. ಸಾಮಾನ್ಯವಾಗಿ ಶಾಸನ ಹಕ್ಕನ್ನು ಕೊಟ್ಟು ರಕ್ಷಣೆಯನ್ನೂ ಕೊಡುತ್ತದೆ. ಇಲ್ಲಿ ಪ್ರವೇಶವನ್ನು ಕೊಟ್ಟಿತು, ರಕ್ಷಣೆಯನ್ನು ಕೊಡಲಿಲ್ಲ.

ಇದಕ್ಕೆ ಆಕ್ಷೇಪ ಹೇಳಬಹುದು. "ಸಹಿಸಬೇಕು ಎಂಬುದು ದುರ್ಬಲನಿಗೆ ಮಾಡುವ ಉಪದೇಶ, ಬಲವಂತನು ಧ್ವನಿಯೇರಿಸುವನು, ಬಡವನು ಸಹಿಸುವನು, ಒಡೆಯನಿಲ್ಲದ ನೆಲದಲ್ಲಿ ಗಟ್ಟಿಗನೇ ಒಡೆಯನು" ಎಂದು. ಈ ಆಕ್ಷೇಪ ತಳ್ಳಿಹಾಕತಕ್ಕುದಲ್ಲ. ೨೦೧೪ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಷ್‌ವಿಲ್ ನಗರದ ಒಂದು ದೊಡ್ಡ ಹೋಟೆಲಿನ ಪ್ರಕರಣದಲ್ಲಿ ಅದರ ನಿರ್ವಾಹಕರಿಗೆ ೬ ಲಕ್ಷ ಡಾಲರುಗಳ ದಂಡ ಬಿತ್ತು. ಸಮ್ಮೇಳನಕ್ಕೆ ಬಂದವರು ತಮ್ಮ ಸ್ವಂತ ಮೊಬೈಲುಗಳಿಂದ ಕಟ್ಟಿಕೊಂಡ ಸಣ್ಣ ಜಾಲಗಳನ್ನು ಅಲ್ಲಿನ ಸಿಬ್ಬಂದಿ ಸುಳ್ಳು ಸಂದೇಶಗಳಿಂದ ಬೇಕೆಂದೇ ಕಡಿದುಹಾಕುತ್ತಿದ್ದರು. ಹೋಟೆಲಿನ ಜಾಲವನ್ನೇ ಬಳಸುವುದಕ್ಕೆ ಒಂದೊಂದು ಯಂತ್ರಕ್ಕೆ ೨೫೦ರಿಂದ ೧೦೦೦ ಡಾಲರುಗಳವರೆಗೆ ಶುಲ್ಕವಿತ್ತು. ಅತಿಥಿಗಳ ರಕ್ಷಣೆಗಾಗಿ ಹಾಗೆ ಮಾಡಿದುದಾಗಿ ಅವರು ಸಮರ್ಥಿಸಿಕೊಂಡರು. ಸಹಿಸಬೇಕೆಂಬ ಮಾತಿಗೆ ಮಿತಿ ಎಲ್ಲಿದೆಯೆಂಬುದು ಇಲ್ಲಿ ತಿಳಿಯುತ್ತದೆ. ಕಟ್ಟಳೆಯ ಎರಡು ಮಾತುಗಳು ಜೋಡಿಯಾದುವು. ಮೊದಲನೆಯದನ್ನು ತಾನು ನಡೆಸುತ್ತಿರುವವನು ಮಾತ್ರ ಎರಡನೆಯದನ್ನು ನೆರೆಯವನಿಂದ ನಿರೀಕ್ಷಿಸಬಹುದು. ಬೇಕೆಂದು ಮಾಡುವ ಅಡ್ಡಿಯನ್ನು ಸಹಿಸುವುದು ತಾಳ್ಮೆಯಲ್ಲ. ಅಲ್ಲಿ ದೂರು ಕೊಡುವುದೇ ಧರ್ಮ. ಆ ಹೋಟೆಲಿನ ವಿಷಯದಲ್ಲಿಯೂ ಅತಿಥಿಯೊಬ್ಬರು ದೂರು ಕೊಟ್ಟುದರಿಂದಲೇ ವಿಚಾರಣೆ ನಡೆಯಿತು.

ಆದರೆ ಆಕಾಶದ ಅಡ್ಡಿಗಳಲ್ಲಿ ಬಹುಪಾಲು ಹೀಗೆ ಬೇಕೆಂದು ಮಾಡಿದುವಲ್ಲ. ಧರ್ಮಶಾಸ್ತ್ರಕಾರರು ತಿಳಿದು ಮಾಡಿದ ಪಾಪಕ್ಕೂ ತಿಳಿಯದೆ ಮಾಡಿದ ಪಾಪಕ್ಕೂ ಭೇದವನ್ನು ಹೇಳಿದರು. ತಿಳಿಯದೆ ಮಾಡಿದುದಕ್ಕೆ ಪ್ರಾಯಶ್ಚಿತ್ತವನ್ನು ಹಗುರಮಾಡಿದರೇ ಹೊರತು ಇಲ್ಲವೆನ್ನಲಿಲ್ಲ. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ ೬೪ ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವೊಂದಿದೆ. ೧೯೯೮ರಿಂದ ಮೊದಲ್ಗೊಂಡು ಅದರ ದಾಖಲೆಗಳಲ್ಲಿ ವಿಚಿತ್ರ ಸಂಕೇತಗಳು ಆಗಾಗ ಕಾಣಿಸಿಕೊಂಡುವು. ದೂರದ ಬ್ರಹ್ಮಾಂಡದಿಂದ ನಿಜವಾಗಿ ಬರುವ ಕ್ಷಣಿಕ ಸಿಡಿತಗಳನ್ನು ಅವು ಹೋಲುತ್ತಿದ್ದುದರಿಂದ ಆ ನಿಜದ ಸಿಡಿತಗಳ ಮೇಲೂ ಸಂಶಯ ಹುಟ್ಟಿತು. ಕೊನೆಗೆ ೨೦೧೫ರಲ್ಲಿ ಮೂಲ ದೊರೆಯಿತು. ಅಲ್ಲಿಯ ಕೆಲಸಗಾರರು ಊಟವನ್ನು ಬಿಸಿಮಾಡಿಕೊಳ್ಳುವಾಗ ಮೈಕ್ರೋವೇವ್ ಒಲೆ ತಾನಾಗಿ ನಿಲ್ಲುವವರೆಗೆ ಕಾಯದೆ ಬಾಗಿಲನ್ನು ಎಳೆದು ತೆಗೆಯುತ್ತಿದ್ದರು. ಆ ಅರೆಕ್ಷಣದಲ್ಲಿ ಹೊರಬಿದ್ದ ತರಂಗವೇ ಆಕಾಶದ ಸಂಕೇತದಂತೆ ತೋರುತ್ತಿತ್ತು. ಹಸಿದ ಒಬ್ಬನ ಕೆಲವು ಕ್ಷಣಗಳ ಅಸಹನೆ ವಿದ್ವಾಂಸರನ್ನು ವರ್ಷಗಟ್ಟಲೆ ಕಂಗೆಡಿಸಿತು. ಅವನನ್ನು ಪಾಪಿಯೆನ್ನುವುದು ಕಷ್ಟ. ಆದರೆ ಕಾರಣನಲ್ಲವೆನ್ನುವಂತೆಯೂ ಇಲ್ಲ.

ವೇಲ್ಸ್ ದೇಶದ ಅಬರ್‌ಹೊಸನ್ ಎಂಬ ಹಳ್ಳಿಯ ಕಥೆ ಇದಕ್ಕೆ ಹತ್ತಿರದ್ದು. ಅಲ್ಲಿ ಅಂತರಜಾಲ ಬರುತ್ತಿದ್ದುದು ತಾಮ್ರದ ತಂತಿಯ ಮೇಲಾದರೂ ಕೆಡಿಸಿದುದು ವಿದ್ಯುತ್ತಿನ ಗದ್ದಲವೇ. ಪ್ರತಿದಿನ ಬೆಳಗ್ಗೆ ೭ ಗಂಟೆಗೆ ಊರಿನ ಜಾಲವೆಲ್ಲ ಕೆಡುತ್ತಿತ್ತು; ತಂತಿಗಳನ್ನು ಬದಲಾಯಿಸಿದರೂ ಸರಿಹೋಗಲಿಲ್ಲ; ೧೮ ತಿಂಗಳು ಹೀಗೆಯೇ ನಡೆಯಿತು. ೨೦೨೦ರಲ್ಲಿ ಎಂಜಿನಿಯರುಗಳು ಬೆಳಗಿನ ಮಳೆಯಲ್ಲಿ ಮಾಪಕಯಂತ್ರವನ್ನು ಹಿಡಿದು ಬೀದಿಬೀದಿ ನಡೆದು, ಗದ್ದಲ ಹೊರಡುವ ಮನೆಯನ್ನು ಪತ್ತೆಮಾಡಿದರು. ಆ ಮನೆಯವರು ಆ ಹೊತ್ತಿಗೆ ತಮ್ಮ ಹಳೆಯ ದೂರದರ್ಶನದ ಪೆಟ್ಟಿಗೆಯನ್ನು ಹಚ್ಚುತ್ತಿದ್ದರು. ವಿಷಯವನ್ನು ತಿಳಿಸಿದೊಡನೆ ಅವರು ನಾಚಿ, ಪೆಟ್ಟಿಗೆಯನ್ನು ಆರಿಸಿ, ಮತ್ತೆ ಎಂದೂ ಹಚ್ಚುವುದಿಲ್ಲವೆಂದು ಒಪ್ಪಿಕೊಂಡರು. ಹದಿನೆಂಟು ತಿಂಗಳು ಅವರಲ್ಲಿ ತಪ್ಪಿತ್ತೆ? ತಿಳಿವಿರಲಿಲ್ಲವಾದುದರಿಂದ ದೂಷಿಸುವಂತಿಲ್ಲ. ತಿಳಿದ ಮರುಗಳಿಗೆಯೂ ಪೆಟ್ಟಿಗೆ ಉರಿಯುತ್ತಿದ್ದರೆ ತಪ್ಪು ಆಗ ಹುಟ್ಟುತ್ತಿತ್ತು. ಅವರ ನಾಚಿಕೆ ಆ ತಪ್ಪು ಹುಟ್ಟದಂತೆ ತಡೆಯಿತು.

ಈ ವಿವೇಚನೆಯಿಂದ ನಡುಗೋಡೆಯ ಪ್ರಶ್ನೆಗೆ ಉತ್ತರ ಹೊರಡುವುದು. ತಿಳಿಯದ ಅಡ್ಡಿ ಅಪರಾಧವಲ್ಲ. ಆದರೆ ತಿಳಿಯುವ ಪ್ರಯತ್ನವನ್ನೇ ಮಾಡದಿರುವುದು ಉಪೇಕ್ಷೆ. ನೆರೆಮನೆಯಲ್ಲಿ ಜನರಿದ್ದಾರೆಂದು, ಅವರೂ ಅದೇ ಆಕಾಶದಲ್ಲಿ ನುಡಿಯುತ್ತಿದ್ದಾರೆಂದು ಬಲ್ಲವನು ತನ್ನ ಧ್ವನಿ ಎಲ್ಲಿಯವರೆಗೆ ಹೋಗುವುದೆಂದು ಒಮ್ಮೆಯಾದರೂ ವಿಚಾರಿಸಬೇಕು.

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿಯೆಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಆಕಾಶದ ಈ ಪಟ್ಟಿಗೆ ನೀರುಗಂಟಿಯಿಲ್ಲ. ಆದರೆ ಕೆರೆಗಿಲ್ಲದ ಒಂದು ಗುಣ ಇದಕ್ಕುಂಟು. ಒಬ್ಬನ ಗದ್ದೆಗೆ ಹರಿದ ನೀರು ಇನ್ನೊಬ್ಬನಿಗೆ ಮರಳಿ ಬಾರದು. ಆಕಾಶವಾದರೋ ಒಬ್ಬನು ಸುಮ್ಮನಾದ ಕ್ಷಣದಲ್ಲಿಯೇ ಪೂರ್ಣವಾಗಿ ಇನ್ನೊಬ್ಬನದಾಗುವುದು. ಅದರಲ್ಲಿ ಕಳೆದುಹೋದುದು ಏನೂ ಇರದು, ಕಲೆಯೂ ಉಳಿಯದು. ಇಂಥ ಸ್ವತ್ತನ್ನು ಕಾಯುವುದಕ್ಕೆ ತ್ಯಾಗ ಬೇಕಾಗಿಲ್ಲ, ಮಿತಿಯೊಂದು ಸಾಕು.

ಆ ಮಿತಿ ಏನೆಂಬುದನ್ನು ಬಲ್ಲವರು ಹೇಳಿರುವರು. ಮನೆಯಲ್ಲಿ ಒಂದೇ ಕಡೆ ನಿಂತಿರುವ ದೂರದರ್ಶನವೇ ಮೊದಲಾದ ಯಂತ್ರಗಳಿಗೆ ತಂತಿಯನ್ನೇ ಎಳೆದರೆ ಅಷ್ಟು ಆಕಾಶ ಇತರರಿಗೆ ಉಳಿಯಿತು. ೫ ಗಿಗಾಹರ್ಟ್ಸಿನ ಮೇಲಿನ ಪಟ್ಟಿಯಲ್ಲಿ ಕಾಲುವೆಗಳು ಹೆಚ್ಚು. ಅಲ್ಲಿಯ ತರಂಗ ಗೋಡೆಗಳಲ್ಲಿ ಬೇಗ ಕುಂದುವುದರಿಂದ ಕೊರತೆಯೆಂದು ತೋರಿದರೂ ನೆರೆಯವನ ದೃಷ್ಟಿಯಿಂದ ಅದು ಗುಣವೇ. ಪೆಟ್ಟಿಗೆಯನ್ನು ನಡುಗೋಡೆಗೆ ಒರಗಿಸದೆ ಮನೆಯ ಮಧ್ಯದಲ್ಲಿ, ಒಲೆಗೂ ಲೋಹದ ಬೀರುವಿಗೂ ದೂರವಾಗಿ ಇಟ್ಟರೆ ಕಡಿಮೆ ಧ್ವನಿಯಲ್ಲಿಯೇ ಕೆಲಸ ನಡೆಯುವುದು. ಪೆಟ್ಟಿಗೆಯ ಶಕ್ತಿಯನ್ನು ಏರಿಸುವುದರಿಂದ ಎಣಿಸಿದಷ್ಟು ಲಾಭವೂ ಇಲ್ಲ: ಅದರ ಕೂಗು ದೂರದ ಕೋಣೆಗೆ ತಲಪಿದರೂ ಮೊಬೈಲಿನ ಸಣ್ಣ ಧ್ವನಿ ಹಿಂದಕ್ಕೆ ತಲಪದು, ನಡುವೆ ಇನ್ನೂ ನಾಲ್ಕು ಮನೆಯವರ ಯಂತ್ರಗಳು ಆ ಕೂಗನ್ನು ಕೇಳಿ ಸುಮ್ಮನೆ ಕಾಯುತ್ತ ಕೂರುವುವು.

ಇವೆಲ್ಲಕ್ಕೂ ಮೊದಲು ಮಾಡಬಹುದಾದ ಇನ್ನೂ ಸುಲಭವಾದ ಒಂದು ಕೆಲಸವಿದೆ. ಹುಡುಗಿಯ ತಂದೆ ನೆರೆಮನೆಯ ಬಾಗಿಲನ್ನು ತಟ್ಟಿ, "ನಿಮ್ಮದು ಯಾವ ಕಾಲುವೆ?" ಎಂದು ಕೇಳಬಹುದು. ಒಬ್ಬರು ೧ನ್ನೂ ಇನ್ನೊಬ್ಬರು ೧೧ನ್ನೂ ಹಿಡಿದರೆ ಕೆಲಸ ಐದು ನಿಮಿಷದ್ದು. ಯಂತ್ರಗಳು ಒಂದನ್ನೊಂದು ಕೇಳಿ ಮಾತನಾಡುವುದನ್ನು ಎಂದೋ ಕಲಿತಿವೆ. ಅವುಗಳ ಒಡೆಯರಿಬ್ಬರು ವರ್ಷಗಳಿಂದ ಒಂದೇ ಗೋಡೆಗೆ ಬೆನ್ನುಮಾಡಿ ಕುಳಿತು, ಪರಸ್ಪರ ಹೆಸರನ್ನೂ ಕೇಳದೆ ಇದ್ದರೆ, ಪಾಠ ತುಂಡಾಗುವುದಕ್ಕೆ ಕಾರಣವನ್ನು ಆಕಾಶದಲ್ಲಿ ಮಾತ್ರ ಹುಡುಕಬೇಕಾಗಿಲ್ಲ.